ಮಿರ್ಜಾನದ ಗಜನಿಯೂ ವಿಶ್ವವಿದ್ಯಾನಿಲಯವೂ

ಕುಮಟೆಯ ಸಮೀಪದ ಮಿರ್ಜಾನವೆಂದೊಡನೆ ವಾಚಕರಿಗೆ ನೆನಪಾಗುವುದು ಅದರ ಕೋಟೆ. ಕೋಟೆಯೊಡನೆ ಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿ. ಈ ಸೀಮೆಯ ವಿದ್ಯೆಯ ಚರಿತ್ರೆಯಾದರೋ ಅಷ್ಟು ಪ್ರಸಿದ್ಧವಾಗಿಲ್ಲ. ಆದರೂ ಅದು ವಿಚಾರಕ್ಕೆ ಯೋಗ್ಯವಾದುದು.

೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಆ ಮೇಲೆ ಮಿರ್ಜಾನದ ವಿದ್ಯಾರ್ಥಿಯ ಪದವಿ ಮುಂಬಯಿಯದು, ಮಂಗಳೂರಿನವನದು ಮದರಾಸಿನದು. ೧೮೫೭ರಲ್ಲಿ ಹುಟ್ಟಿದ ಆ ಎರಡು ವಿಶ್ವವಿದ್ಯಾನಿಲಯಗಳೂ ಕನ್ನಡ ನಾಡಿನ ಹೊರಗಿನವು.

ಅದೇ ೧೮೬೨ರಲ್ಲಿ ಅಮೇರಿಕೆಯ ಅಧ್ಯಕ್ಷ ಲಿಂಕನ್ ಒಂದು ಕಾಯಿದೆಗೆ ಸಹಿ ಮಾಡಿದನು. ಅದರಂತೆ ಸರಕಾರದ ಭೂಮಿಯನ್ನು ಅಲ್ಲಿಯ ಸಂಸ್ಥಾನಗಳಿಗೆ ಹಂಚಲಾಯಿತು. ಅದನ್ನು ಮಾರಿ ಬಂದ ಧನದಿಂದ ಬೇಸಾಯವನ್ನೂ ಯಂತ್ರಕಲೆಯನ್ನೂ ಕಲಿಸುವ ಕಾಲೇಜುಗಳು ನಡೆಯಬೇಕೆಂದು ವಿಧಿಸಲಾಯಿತು. ಉನ್ನತ ವಿದ್ಯೆಯು ಉಳುವವನ ಮಕ್ಕಳಿಗೂ ಸಲ್ಲತಕ್ಕದ್ದು, ಅದಕ್ಕೆ ಸಾರ್ವಜನಿಕ ಸ್ವತ್ತನ್ನು ವಿನಿಯೋಗಿಸುವುದು ನ್ಯಾಯವೆಂಬುದು ಅದರ ತತ್ತ್ವ.

ನಮ್ಮಲ್ಲಿ ಮಹಾಜನರೇ ಮುಂದಾಗಬೇಕಾಯಿತು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದ ಫಲವಾಗಿ ೧೯೧೭ರಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಮೈಸೂರು ಸಂಸ್ಥಾನವು ಅದರ ಹಿಂದಿನ ವರ್ಷವೇ ತನ್ನ ವಿಶ್ವವಿದ್ಯಾನಿಲಯವನ್ನು ಪಡೆದಿತ್ತು. ಧಾರವಾಡದವರಿಗೆ ಅದಕ್ಕಾಗಿ ೧೯೪೯ರವರೆಗೆ ಕಾಯಬೇಕಾಯಿತು. ಆದರೂ ಕರ್ನಾಟಕದ ಏಕೀಕರಣವಾದುದು ೧೯೫೬ರಲ್ಲಿ. ರಾಜ್ಯಕ್ಕಿಂತ ಏಳು ವರ್ಷ ಮೊದಲೇ ಮುಂಬಯಿ ಪ್ರಾಂತದ ನಾಲ್ಕು ಕನ್ನಡ ಜಿಲ್ಲೆಗಳಿಗೆ ತಮ್ಮದೆನ್ನಬಹುದಾದ ವಿಶ್ವವಿದ್ಯಾನಿಲಯವು ದೊರೆತುದು ಸಾಮಾನ್ಯ ಸಂಗತಿಯಲ್ಲ.

ಲಿಂಕನ್ನನ ಕಾಲದ ತತ್ತ್ವವೂ ಕಾಲಾಂತರದಲ್ಲಿ ಇಲ್ಲಿಗೆ ಬಂದಿತು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅಮೇರಿಕೆಯ ಟೆನೆಸಿ ಸಂಸ್ಥಾನದ ವಿಶ್ವವಿದ್ಯಾನಿಲಯವು ನೆರವಾಯಿತು. ೧೯೮೬ರಲ್ಲಿ ಧಾರವಾಡಕ್ಕೂ ಕೃಷಿ ವಿಶ್ವವಿದ್ಯಾನಿಲಯವು ಬಂದಿತು. ಘಟ್ಟದ ಮೇಲಿನ ಶಿರಸಿಯ ಅರಣ್ಯ ಕಾಲೇಜು ಅದರದೇ ಅಂಗ.

ಇನ್ನು ಉಳಿಯುವುದು ಒಂದೇ ಪ್ರಶ್ನೆ. ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗವೆಂಬ ಭತ್ತವುಂಟು. ಕಟ್ಟೆಯೊಡೆದು ಉಪ್ಪುನೀರು ನುಗ್ಗಿದರೆ ಏನು ಮಾಡಬೇಕು, ಬೀಜವನ್ನು ಹೇಗೆ ಉಳಿಸಬೇಕು ಎಂಬುದನ್ನು ಅಲ್ಲಿಯ ರೈತರು ತಲೆಮಾರುಗಳಿಂದ ಅನುಭವದಿಂದಲೇ ಅರಿತಿರುವರು. ಆ ಅರಿವನ್ನು ಕೇಳಿ ಬರೆದುಕೊಳ್ಳುವವರು, ಅವರ ಸಂದೇಹಕ್ಕೆ ಉತ್ತರವನ್ನು ಹುಡುಕುವವರು ವಿದ್ಯಾಮಂದಿರಗಳಿಂದ ಗಜನಿಯ ಕಟ್ಟೆಯವರೆಗೆ ನಡೆದು ಬರಬೇಕು. ಹುಡುಗರು ಪದವಿಗಾಗಿ ಊರು ಬಿಟ್ಟು ಹೋಗುವ ದಾರಿಯನ್ನು ಹಿಂದಿನವರು ಹತ್ತಿರ ಮಾಡಿಕೊಟ್ಟರು. ವಿದ್ಯೆಯು ಊರಿಗೆ ಮರಳಿ ಬರುವ ದಾರಿಯನ್ನು ಮಾಡುವುದು ನಮ್ಮ ಪಾಲಿನ ಕೆಲಸ. ಸಾರ್ವಜನಿಕ ವಿದ್ಯೆಯೆಂಬ ಹೆಸರು ಆಗ ಸಾರ್ಥಕವಾದೀತು.