ಅಂತರಜಾಲ ವ್ಯಸನ

ಅಂತರಜಾಲ ವ್ಯಸನ ಎಂದರೆ, ಅಂತರಜಾಲದ ಬಳಕೆಯ ಮೇಲೆ ವ್ಯಕ್ತಿಯು ಹಿಡಿತ ಕಳೆದುಕೊಂಡು, ಓದು, ಉದ್ಯೋಗ, ನಿದ್ರೆ ಹಾಗೂ ಕೌಟುಂಬಿಕ ಸಂಬಂಧಗಳಿಗೆ ಧಕ್ಕೆಯಾಗುತ್ತಿದ್ದರೂ ಅದನ್ನು ಮುಂದುವರಿಸುವ ಸ್ಥಿತಿ. ಮೊಬೈಲ್ ಆಟ, ಸಾಮಾಜಿಕ ಜಾಲತಾಣ, ವಿಡಿಯೊ ವೀಕ್ಷಣೆ ಮತ್ತು ಆನ್‌ಲೈನ್ ಜೂಜು ಇದರ ಸಾಮಾನ್ಯ ರೂಪಗಳು. ಬಳಕೆಯ ಗಂಟೆಗಳಷ್ಟೇ ಇದರ ಅಳತೆಗೋಲಲ್ಲ. ಪಾಠಕ್ಕಾಗಿ ದೀರ್ಘಕಾಲ ಪರದೆಯ ಮುಂದೆ ಕುಳಿತ ವಿದ್ಯಾರ್ಥಿಯನ್ನು ವ್ಯಸನಿ ಎನ್ನಲಾಗದು.

ಹಿನ್ನೆಲೆ

1995ರಲ್ಲಿ ಅಮೆರಿಕದ ಮನೋವೈದ್ಯ ಐವಾನ್ ಗೋಲ್ಡ್‌ಬರ್ಗ್ ಈ ಹೆಸರನ್ನು ವಿನೋದಾರ್ಥವಾಗಿ ಬಳಸಿದರು. ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅದನ್ನು ಗಂಭೀರ ಅಧ್ಯಯನದ ವಿಷಯವನ್ನಾಗಿಸಿ, 20 ಪ್ರಶ್ನೆಗಳ ಪರೀಕ್ಷೆಯೊಂದನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯು 2022ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಆಟದ ಗೀಳು, ಅಂದರೆ ‘ಗೇಮಿಂಗ್ ಡಿಸಾರ್ಡರ್’, ಸ್ಥಾನ ಪಡೆದಿದೆ. ಅಂತರಜಾಲ ವ್ಯಸನವು ಪ್ರತ್ಯೇಕ ರೋಗವೆಂದು ಸೇರಿಲ್ಲ. ಆಟದ ಗೀಳನ್ನು ನಿರ್ಧರಿಸಲು ಲಕ್ಷಣಗಳು ಸಾಮಾನ್ಯವಾಗಿ 12 ತಿಂಗಳು ಕಂಡುಬಂದಿರಬೇಕು.

ಮಾನಸಿಕ ಪರಿಣಾಮಗಳು

ನಿದ್ರಾಭಂಗ, ಏಕಾಗ್ರತೆಯ ಕೊರತೆ, ಆತಂಕ, ಖಿನ್ನತೆ ಮತ್ತು ಒಂಟಿತನ ಅತಿಬಳಕೆಯ ಜೊತೆಗೆ ಹೆಚ್ಚಾಗಿ ಕಂಡುಬರುತ್ತವೆ. ಬಳಕೆಗೆ ತಡೆಯುಂಟಾದಾಗ ಸಿಟ್ಟು, ಚಡಪಡಿಕೆ ಉಂಟಾಗಬಹುದು. ಈ ಸಂಬಂಧ ಏಕಮುಖವಲ್ಲ: ಮೊದಲೇ ಖಿನ್ನತೆಗೆ ಒಳಗಾದವರು ಬೇಸರ ಮರೆಯಲು ಮೊಬೈಲಿನ ಮೊರೆ ಹೋಗುವುದುಂಟು. ಮುಂದಿನ ಮೆಚ್ಚುಗೆ ಅಥವಾ ಗೆಲುವು ಯಾವಾಗ ದೊರೆಯುವುದೆಂಬ ಅನಿಶ್ಚಿತತೆಯೇ ಮನಸ್ಸನ್ನು ಮತ್ತೆ ಮತ್ತೆ ಸೆಳೆಯುತ್ತದೆ.

ಕರ್ನಾಟಕದಲ್ಲಿ ಚಿಕಿತ್ಸೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ‘ಶಟ್’ ಚಿಕಿತ್ಸಾಲಯವನ್ನು ಆರಂಭಿಸಿತು. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ ಎಂಬುದು ಆ ಹೆಸರಿನ ವಿಸ್ತೃತ ಅರ್ಥ. ಹೆಸರೇ ಸೂಚಿಸುವಂತೆ ಇಲ್ಲಿನ ಗುರಿ ಸಂಪೂರ್ಣ ವರ್ಜನೆಯಲ್ಲ, ಹತೋಟಿಯುಳ್ಳ ಬಳಕೆ. ಇಂತಹ ಚಿಕಿತ್ಸೆಯಲ್ಲಿ ಆಪ್ತಸಮಾಲೋಚನೆ, ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮನಶ್ಚಿಕಿತ್ಸೆ ಹಾಗೂ ಕುಟುಂಬದ ಸಹಭಾಗಿತ್ವ ಮುಖ್ಯವಾಗುತ್ತವೆ. ಮೊಬೈಲನ್ನು ಏಕಾಏಕಿ ಕಸಿದುಕೊಂಡರೆ ಮಕ್ಕಳಲ್ಲಿ ಹಠ, ಕ್ರೋಧ ಹೆಚ್ಚಬಹುದು; ಮಾತುಕತೆಯಿಂದ ನಿಯಮಗಳನ್ನು ಒಪ್ಪಿಸಿ, ಆಟೋಟ, ಓದು, ಸಂಗೀತದಂತಹ ಪರ್ಯಾಯಗಳನ್ನು ಒದಗಿಸುವುದು ಹೆಚ್ಚು ಉಪಯುಕ್ತ. ಹಿರಿಯರೂ ಅದೇ ನಿಯಮ ಪಾಲಿಸುವುದು ಅಗತ್ಯ.

ಎಂ.ಕೆ. ಹುಬ್ಬಳ್ಳಿ, ಕಿತ್ತೂರು, ಬೈಲಹೊಂಗಲ, ಸವದತ್ತಿ ಭಾಗದವರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಸಮೀಪದ ಧಾರವಾಡದಲ್ಲಿರುವ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯು (14416) ಹಗಲಿರುಳೂ ಉಚಿತವಾಗಿ ಲಭ್ಯವಿದೆ. ನಿದ್ರೆ, ಊಟ, ಶಾಲೆಗಳನ್ನು ಬಿಟ್ಟು ಪರದೆಗೆ ಅಂಟಿಕೊಂಡಾಗ ಅಥವಾ ಆತ್ಮಹತ್ಯೆಯ ಮಾತು ಬಂದಾಗ ತಜ್ಞರ ನೆರವನ್ನು ತಡಮಾಡದೆ ಪಡೆಯಬೇಕು.