ದನ ಕಾಯೋಕೆ ಹೋಗು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಒಪ್ಪಿಕೊಂಡೆನಾದರೂ ಏನು ಬರೆಯುವುದೆಂದು ತಿಳಿಯಲಿಲ್ಲ. ಶಾಲೆಯ ಕಟ್ಟಡ ಎದ್ದ ಬಗೆ, ಜಾಗ ಬಿಟ್ಟುಕೊಟ್ಟವರು, ಮೊದಲ ಮುಖ್ಯೋಪಾಧ್ಯಾಯರು ಇವರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನನಗೆ ಈ ಶಾಲೆ ಎಂದ ಕೂಡಲೇ ನೆನಪಾಗುವುದು ಒಂದು ಬೈಗುಳ. ಲೆಕ್ಕ ತಪ್ಪಿದರೆ, ಪದ್ಯ ಮರೆತರೆ, ಮನೆಕೆಲಸ ಮಾಡದಿದ್ದರೆ ಮೇಷ್ಟ್ರು ಹೇಳುತ್ತಿದ್ದುದು ಒಂದೇ ಮಾತು: "ನೀನು ದನ ಕಾಯೋಕೆ ಹೋಗು." ಒಬ್ಬರಲ್ಲ, ಎಲ್ಲ ಮೇಷ್ಟ್ರೂ ಹೇಳುತ್ತಿದ್ದರು. ಈ ಪುಸ್ತಕ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಇದನ್ನು ಕೇಳಿಸಿಕೊಳ್ಳದವರು ಯಾರೂ ಇರಲಾರರು. ನಾವು ತಲೆ ತಗ್ಗಿಸಿ ನಿಂತಿರುತ್ತಿದ್ದೆವು. ಆದರೆ ಬೆಳಿಗ್ಗೆ ಆ ಕೆಲಸ ಮುಗಿಸಿಕೊಂಡೇ ನಾವು ಶಾಲೆಗೆ ಬಂದಿರುತ್ತಿದ್ದೆವು ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದ್ದರಿಂದ ಶಾಲೆಯ ಐವತ್ತು ವರ್ಷದ ಜೊತೆಗೆ ನಮ್ಮೂರ ಕೊಟ್ಟಿಗೆಗಳ ಚರಿತ್ರೆಯೂ ಒಂದಿಷ್ಟು ದಾಖಲಾಗಲಿ ಎಂದು ಈ ಲೇಖನ.

ನಮ್ಮ ಸೀಮೆಯಲ್ಲಿ ದನದ ಚರಿತ್ರೆ ಕಲ್ಲಿನಿಂದಲೇ ಶುರುವಾಗುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಬಂದವರೆಲ್ಲ ಹೊಯ್ಸಳರ ದೇವಸ್ಥಾನ ನೋಡಿ ಹೋಗುತ್ತಾರೆ. ಊರ ಮುಂದಿನ ವೀರಗಲ್ಲನ್ನು ನಿಂತು ನೋಡುವವರು ಕಡಿಮೆ. ಅಂಥ ಕಲ್ಲುಗಳಲ್ಲಿ ಬಹಳಷ್ಟು ತುರುಗೊಳ್ ಕಲ್ಲುಗಳು, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದವು. ಕೆಳಗಿನ ಪಟ್ಟಿಯಲ್ಲಿ ಕಾಳಗ ಮತ್ತು ದನಗಳು, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ನಾವು ಚಿಕ್ಕವರಿದ್ದಾಗ ನಮ್ಮೂರ ವೀರಗಲ್ಲಿಗೆ ಎಮ್ಮೆಗಳು ಬಂದು ಮೈ ಉಜ್ಜಿಕೊಳ್ಳುತ್ತಿದ್ದವು. ಒಂದು ಬದಿ ಅದರಿಂದಲೇ ನುಣುಪಾಗಿದೆ. ಆ ಕಲ್ಲಿಗೆ ಇದಕ್ಕಿಂತ ಹೆಚ್ಚಿನ ಪೂಜೆ ಬೇಕಿಲ್ಲ ಎಂದು ನನ್ನ ಅಜ್ಜ ಹೇಳುತ್ತಿದ್ದ.

ಆಮೇಲಿನದು ಅಮೃತಮಹಲ್ ಕಥೆ. ಮೈಸೂರು ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಹೈದರ್ ಅಲಿ ಅದರ ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸಬೇಕೆಂದು ಅವರು ದನಗಳನ್ನು ಮಾರಿಬಿಟ್ಟರು. ಸೈನ್ಯಕ್ಕೆ ಅಂಥ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಮತ್ತೆ ಶುರು ಮಾಡಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಕೇಂದ್ರವಾಯಿತು. ಈ ದನಗಳು ಮೇಯಲೆಂದು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಹುಲ್ಲುಗಾವಲುಗಳನ್ನು ಗೊತ್ತು ಮಾಡಿದ್ದರು. ಅವೇ ಕಾವಲುಗಳು. ನಮ್ಮ ತಾಲ್ಲೂಕಿನ ಹಬ್ಬನಘಟ್ಟ, ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಹೆಸರುಗಳನ್ನು ಓದುಗರು ಕೇಳಿಯೇ ಇರುತ್ತೀರಿ.

ರಾಜರ ದನಕ್ಕೆ ಹೀಗೆ ಚರಿತ್ರೆಯಿದೆ, ಇಸವಿಯಿದೆ. ನಮ್ಮ ಮನೆಯ ದನಕ್ಕೆ ಇರುವುದು ಒಂದೇ ದಾಖಲೆ, ಅವ್ವನ ಹಾಲಿನ ಪಾಸ್‌ಬುಕ್ಕು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಶಾಲೆ ಶುರುವಾದ ಕಾಲಕ್ಕೆ ಊರಿನಲ್ಲಿ ಸೀಮೆ ಹಸು ಇರಲಿಲ್ಲವಂತೆ. ಪ್ರತಿ ಮನೆಯಲ್ಲೂ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದೆರಡು ನಾಟಿ ಹಸು, ಒಂದು ಎಮ್ಮೆ. ಎತ್ತು ಉಳುಮೆಗೆ, ಗಾಡಿಗೆ, ಕಣದಲ್ಲಿ ಗುಂಡು ಎಳೆಯುವುದಕ್ಕೆ. ಹಸು ಇದ್ದದ್ದು ಮುಂದಿನ ಎತ್ತಿಗಾಗಿ. ಹಾಲು ಎಂದರೆ ಎಮ್ಮೆಯದು. ಮಾರುತ್ತಿದ್ದುದು ಬೆಣ್ಣೆ, ಹಾಲಲ್ಲ. ಹಾಲು ಮಾರುವುದು ಮನೆತನಕ್ಕೆ ಕಡಿಮೆ ಎಂದು ಅಜ್ಜಿ ಕೊನೆಯವರೆಗೂ ನಂಬಿದ್ದಳು.

ಅಜ್ಜನಿಗೆ ಎತ್ತಿನ ಹುಚ್ಚು. ಜಾತ್ರೆಗೆ ಹೋದರೆ ಮೂರು ದಿನ ಮನೆಗೆ ಬರುತ್ತಿರಲಿಲ್ಲ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ದಲ್ಲಾಳಿ ಮತ್ತು ಅಜ್ಜ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳಿನಲ್ಲೇ ವ್ಯಾಪಾರ ಮಾಡಿದರು. ಬಾಯಲ್ಲಿ ಒಂದು ಮಾತಿಲ್ಲ, ಮುಖದಲ್ಲಿ ಒಂದು ಭಾವನೆಯಿಲ್ಲ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ಎಷ್ಟೆಂದು ಇಬ್ಬರಿಗೇ ಗೊತ್ತು. ನಾನು ಈಗ ಮಾಡುತ್ತಿರುವ ಕೆಲಸದಲ್ಲಿ ಗುಟ್ಟಿನ ಮಾಹಿತಿ ಕಾಪಾಡುವುದಕ್ಕೆ ನೂರೆಂಟು ಏರ್ಪಾಡುಗಳಿವೆ. ಆ ಟವೆಲ್ಲಿನಷ್ಟು ಸರಳವಾದದ್ದು ಇನ್ನೂ ಕಂಡಿಲ್ಲ.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾಯಿತು. ಗುಜರಾತಿನ ಆಣಂದದ ಮಾದರಿಯಲ್ಲಿ ಊರೂರಿಗೆ ಹಾಲು ಉತ್ಪಾದಕರ ಸಹಕಾರ ಸಂಘ ಮಾಡುವುದು ಅದರ ಉದ್ದೇಶ. ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಬೆಂಗಳೂರು, ಮೈಸೂರು, ತುಮಕೂರಿನ ಜೊತೆ ನಮ್ಮ ಹಾಸನವೂ ಇತ್ತು. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಹೈಸ್ಕೂಲು ಮತ್ತು ಡೈರಿ ನಮ್ಮ ಸೀಮೆಗೆ ಹೆಚ್ಚುಕಡಿಮೆ ಜೊತೆಯಲ್ಲೇ ಬಂದವು ಎನ್ನಬಹುದು. ಡೈರಿಯ ಹಿಂದೆಯೇ ಸೀಮೆ ಹಸು ಬಂತು, ಸೈಕಲ್ ಮೇಲೆ ಇಂಜೆಕ್ಷನ್ ಕೊಡುವವರು ಬಂದರು, ಚೀಲದಲ್ಲಿ ಪಶು ಆಹಾರ ಬಂತು. ಅಜ್ಜಿ ಏನೇ ಹೇಳಲಿ, ನಮ್ಮ ಮನೆಯಿಂದಲೂ ಹಾಲು ಹೋಗತೊಡಗಿತು.

ಸೀಮೆ ಹಸು ಬಂದ ಮೇಲೆ ಕೊಟ್ಟಿಗೆಯ ಯಜಮಾನಿಕೆ ಗಂಡಸರಿಂದ ಹೆಂಗಸರಿಗೆ ದಾಟಿತು. ಇದನ್ನು ಯಾರೂ ತೀರ್ಮಾನ ಮಾಡಲಿಲ್ಲ, ತಾನಾಗಿ ಆಯಿತು. ಎತ್ತಿಗೆ ಲಾಳ ಕಟ್ಟಿಸುವುದು, ಮೂಗುದಾರ ಹಾಕಿಸುವುದು, ಜಾತ್ರೆಗೆ ಹೊಡೆದುಕೊಂಡು ಹೋಗುವುದು ಗಂಡಸರ ಕೆಲಸ. ಸೀಮೆ ಹಸುವಿಗೆ ಜಾತ್ರೆಯಿಲ್ಲ. ಅದರದ್ದು ದಿನಕ್ಕೆರಡು ಸಲ ತಪ್ಪದ ಕೆಲಸ. ಅವ್ವ ಐದಕ್ಕೆ ಏಳುತ್ತಿದ್ದಳು. ಸಗಣಿ ಬಾಚಿ ತಿಪ್ಪೆಗೆ ಹಾಕಿ, ಗಂಜಲ ತೊಳೆದು, ಒಂದು ತೆಕ್ಕೆ ರಾಗಿ ಹುಲ್ಲು ಹಾಕಿ, ಕೆಚ್ಚಲು ತೊಳೆಯುತ್ತಿದ್ದಳು. ಹಾಲು ಇಳಿಯಲೆಂದು ಕರುವನ್ನು ಒಂದು ಗಳಿಗೆ ಬಿಟ್ಟು ಮತ್ತೆ ಎಳೆದು ಕಟ್ಟುವುದು ನನ್ನ ಕೆಲಸ. ಒಂದು ಮೊಲೆಯಲ್ಲಿ ಹಾಲು ಒಡೆದಂತೆ ಕಂಡರೆ ಅವ್ವನ ಮುಖ ಸಪ್ಪಗಾಗುತ್ತಿತ್ತು. ಕೆಚ್ಚಲು ಬಾವು ಬಂದರೆ ಅಷ್ಟು ದಿನದ ಹಾಲು ಡೈರಿಗೆ ಹಾಕುವಂತಿಲ್ಲ. ಆಮೇಲೆ ನಾನು ಕ್ಯಾನ್ ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಲ್ಯಾಕ್ಟೋಮೀಟರು ಹಾಲಿನಲ್ಲಿ ತೇಲುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಭೌತಶಾಸ್ತ್ರದಲ್ಲಿ ಸಾಂದ್ರತೆಯ ಪಾಠ ಬಂದಾಗ ತರಗತಿಯಲ್ಲಿ ನನಗೊಬ್ಬನಿಗೇ ಹೊಸದೇನೂ ಅನ್ನಿಸಲಿಲ್ಲ. ಅಂದು ಮಾತ್ರ ಮೇಷ್ಟ್ರು ದನ ಕಾಯೋಕೆ ಹೋಗು ಎನ್ನಲಿಲ್ಲ.

ಅವ್ವ ನಾಲ್ಕನೇ ಕ್ಲಾಸು. ಆದರೆ ಅವಳು ತಲೆಯಲ್ಲಿ ಇಟ್ಟುಕೊಂಡಿದ್ದ ಲೆಕ್ಕ ಸಣ್ಣದಲ್ಲ. ಹಸು ಬೆದೆಗೆ ಬಂದದ್ದು ಬೆಳಿಗ್ಗೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಇಂಜೆಕ್ಷನ್ ಆಗಬೇಕು. ತಪ್ಪಿದರೆ ಇನ್ನು ಇಪ್ಪತ್ತೊಂದು ದಿನ ಕಾಯಬೇಕು. ಆ ಇಪ್ಪತ್ತೊಂದು ದಿನದ ಹುಲ್ಲು, ಬೂಸಾ, ಹಿಂಡಿ ಎಲ್ಲ ಬರೀ ಖರ್ಚು. ಗಬ್ಬ ನಿಂತರೆ ಒಂಬತ್ತು ತಿಂಗಳು ಒಂಬತ್ತು ದಿನ. ಇದನ್ನೆಲ್ಲ ಅವಳು ಇಡುತ್ತಿದ್ದುದು ಕ್ಯಾಲೆಂಡರಿನಲ್ಲಲ್ಲ, ಹಬ್ಬಗಳಲ್ಲಿ. "ಗೌರಿ ಹಬ್ಬ ಆದ ಮೂರನೇ ದಿನ ಮಾಡ್ಸಿದ್ದು, ಹಂಗಾದ್ರೆ ಕಾರ ಹುಣ್ಣಿಮೆ ಆದ್ಮೇಲೆ ಯಾವತ್ತಾದ್ರೂ ಕರು ಹಾಕ್‌ಬೋದು" ಎನ್ನುವಳು. ಕರು ಹಾಕಿದ ರಾತ್ರಿ ಮಾಸು ಬೀಳುವವರೆಗೆ ಲಾಟೀನು ಹಿಡಿದು ಕೂರುವಳು, ನಾಯಿ ಎಳೆಯದಂತೆ ಅದನ್ನು ಹೂಳಿಸುವಳು. ಮರುದಿನ ಗಿಣ್ಣು ಬೀದಿಯ ಎಲ್ಲ ಮನೆಗೂ ಹೋಗುತ್ತಿತ್ತು.

ನಾನು ಈ ಶಾಲೆಯಲ್ಲಿ ಓದಿದ್ದು 2001ರಿಂದ 2004ರವರೆಗೆ. ಆಗಿನ ಕಾಲವನ್ನು ಅರಸೀಕೆರೆ ತಾಲ್ಲೂಕಿನವರಿಗೆ ವಿವರಿಸಬೇಕಿಲ್ಲ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ನುಸಿ ನಮ್ಮ ತೋಟಗಳಿಗೂ ಬಂದು ಕೂತಿತ್ತು. ತೆಂಗಿನಕಾಯಿ ಮೈಯೆಲ್ಲ ಕಜ್ಜಿಯಾದಂತೆ ಸೀಳಿ, ಮುಷ್ಟಿಗಾತ್ರಕ್ಕೆ ಕುಗ್ಗಿಹೋಯಿತು. ಬೇರಿಗೆ ಔಷಧಿ ಕಟ್ಟಿದ್ದೂ ಆಯಿತು. ಅದರ ಮೇಲೆ ಮೂರು ವರ್ಷ ಸಾಲಾಗಿ ಬರ. ತೆಂಗನ್ನೇ ನಂಬಿದ್ದ ಮನೆಗಳಲ್ಲಿ ಆಗ ಕೈಗೆ ಕಾಸು ಬರುತ್ತಿದ್ದುದು ಡೈರಿಯಿಂದ ಮಾತ್ರ. ನಾಲೆ ಬಯಲಿನ ಕಡೆಯಿಂದ ಲಾರಿಯಲ್ಲಿ ಬಂದ ನೆಲ್ಲು ಹುಲ್ಲನ್ನು ನಾಲ್ಕು ಮನೆಯವರು ಹಂಚಿಕೊಂಡು ಕೊಳ್ಳುತ್ತಿದ್ದೆವು. ಅತ್ತಿ ಸೊಪ್ಪು, ಆಲದ ಸೊಪ್ಪು, ಬಾಳೆ ದಿಂಡು ಏನು ಸಿಕ್ಕರೆ ಅದು ಗೊಂತಿಗೆ. ಹಸು ಅದನ್ನೇ ತಿಂದು ಹಾಲು ಕೊಟ್ಟಿತು.

ಪಾಸ್‌ಬುಕ್ಕಿನ ಮಾತು ಇಲ್ಲಿ ಬರುತ್ತದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವು ಸಿಕ್ಕವು. ದಿನಾಂಕ, ಹೊತ್ತು, ಲೀಟರು, ಫ್ಯಾಟು. ಲೀಟರಿಗೆ 8 ರೂಪಾಯಿ ಚಿಲ್ಲರೆ. ಒಂದು ಹೊತ್ತಿಗೆ ಮೂರೂವರೆ, ನಾಲ್ಕು ಲೀಟರು. ಹದಿನೈದು ದಿನಕ್ಕೊಮ್ಮೆ ಬಟವಾಡೆ, ಅದರಲ್ಲಿ ಪಶು ಆಹಾರದ ದುಡ್ಡು ಮುರಿದುಕೊಂಡು ಉಳಿದದ್ದು. 2004ರ ಮಾರ್ಚ್‌ನಲ್ಲಿ, ನಾನು ಎಸ್ಸೆಸ್ಸೆಲ್ಸಿ ಬರೆದ ದಿನಗಳಲ್ಲಿ, ಹಾಲು ಎರಡು ಲೀಟರಿಗೆ ಇಳಿದಿದೆ. ನನಗೆ ಮೊದಲು ಅರ್ಥವಾಗಲಿಲ್ಲ. ಕೇಳಿದರೆ ಅವ್ವ, "ಪರೀಕ್ಷೆ ಅಂತ ಎರಡೊತ್ತೂ ನಿಂಗೆ ಕೊಡ್ತಿರ್ಲಿಲ್ವೇನಪ್ಪ" ಎಂದಳು. ನನಗೆ ಅದರ ನೆನಪೇ ಇರಲಿಲ್ಲ. ನಾನೊಬ್ಬ ಎಷ್ಟು ಕುಡಿದೇನು, ಹಸುವೂ ಆಗ ಬತ್ತುತ್ತಿದ್ದಿರಬೇಕು. ಆದರೂ ಇಂಜಿನಿಯರಿಂಗ್ ಮುಗಿಯುವವರೆಗೆ ಹಾಸ್ಟೆಲ್ಲಿನ ಖರ್ಚು ಈ ಪುಸ್ತಕಗಳಿಂದಲೇ ಬಂದದ್ದೆಂದು ಕೂಡಿ ಕಳೆದು ನೋಡಿದಾಗ ತಿಳಿಯಿತು.

ಎತ್ತುಗಳು ಹೋದದ್ದು 2009ರಲ್ಲಿ. ಅಜ್ಜ ತೀರಿಹೋಗಿ ವರ್ಷವಾಗಿತ್ತು. ಉಳುಮೆಗೆ ಟ್ರ್ಯಾಕ್ಟರ್ ಬರುತ್ತಿತ್ತು, ಒಕ್ಕಣೆಗೆ ಯಂತ್ರ. ಅಪ್ಪ ಒಬ್ಬನೇ ಸಾಕಲಾರ. ಕೊಂಡವನು ಜೋಡಿ ಒಡೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅಪ್ಪ ಹಗ್ಗ ಕೊಟ್ಟದ್ದು. ಆಮೇಲಿನ ಸಂಕ್ರಾಂತಿಗೆ ನಮ್ಮ ಮನೆಯಿಂದ ಕಿಚ್ಚು ಹಾಯಿಸುವುದಕ್ಕೆ ದನ ಇರಲಿಲ್ಲ. ಸೀಮೆ ಹಸುವನ್ನು ಬೆಂಕಿಯ ಮುಂದೆ ತರುವಂತಿಲ್ಲ, ಬೆದರಿ ಹಾಲು ಕೊಡುವುದಿಲ್ಲ. ನಮ್ಮ ಮನೆಯ ಕಥೆ ದೇಶದ್ದೂ ಹೌದು. 2019ರ ಜಾನುವಾರು ಗಣತಿಯ ಪ್ರಕಾರ ಹಿಂದಿನ ಗಣತಿಗಿಂತ ದೇಶದಲ್ಲಿ ನಾಟಿ ದನ ಶೇಕಡ 6ರಷ್ಟು ಇಳಿದಿದ್ದರೆ ಸೀಮೆ ಮತ್ತು ಮಿಶ್ರತಳಿ ದನ ಶೇಕಡ 27ರ ಹತ್ತಿರ ಏರಿವೆ.

ಇಲ್ಲಿ ನನ್ನದೊಂದು ತಪ್ಪು ಬರೆಯಬೇಕು. 2013ರಲ್ಲಿ ರಾಜ್ಯದಲ್ಲೆಲ್ಲ ಕಾಲುಬಾಯಿ ಜ್ವರ ಬಂದು ಸಾವಿರಾರು ದನ ಸತ್ತವು. ಆ ವರ್ಷವೇ ಆಗಸ್ಟ್ 1ರಿಂದ ಕ್ಷೀರಭಾಗ್ಯ ಶುರುವಾಗಿ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲು ಕೊಡತೊಡಗಿದ್ದರು. ಊರಿನ ಡೈರಿಗಳಿಂದ ಹೋದ ಹಾಲು ಪುಡಿಯಾಗಿ ಮತ್ತೆ ಊರಿನ ಶಾಲೆಗೇ ಬಂದು ಲೋಟದಲ್ಲಿ ಹಾಲಾಗುವುದು ನನಗೆ ಒಳ್ಳೆಯ ಸುದ್ದಿಯಾಗಿ ಕಂಡಿತ್ತು. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಬೇರೆ ಸುದ್ದಿ. ನನ್ನ ಸಂಬಳದಲ್ಲಿ ಕೊಡಿಸಿದ್ದ ಹಸುವಿನ ಬಾಯಲ್ಲಿ ಗುಳ್ಳೆ, ಗೊರಸಿನ ಸಂದಿಯಲ್ಲಿ ಹುಣ್ಣು. ಅವ್ವ ಪಟಿಕದ ನೀರಿನಲ್ಲಿ ಬಾಯಿ ತೊಳೆದಳು, ಕಾಲಿಗೆ ಬೇವಿನೆಣ್ಣೆ ಹಚ್ಚಿದಳು, ರಾಗಿ ಅಂಬಲಿಯನ್ನು ಅಂಗೈಯಲ್ಲಿ ಹಿಡಿದು ನೆಕ್ಕಿಸಿದಳು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಆರನೇ ದಿನ ಹಸು ಸತ್ತಿತು. ನಾನು ಬೆಂಗಳೂರಿನಿಂದ ಫೋನಿನಲ್ಲಿ, "ಹೋಗ್ಲಿ ಬಿಡವ್ವ, ಇನ್ನೊಂದು ತಗೊಂಡ್ರಾಯ್ತು" ಎಂದೆ. ಅವ್ವ ಫೋನ್ ಅಪ್ಪನ ಕೈಗೆ ಕೊಟ್ಟಳು. ಎಂಟು ದಿನ ನನ್ನೊಡನೆ ಮಾತಾಡಲಿಲ್ಲ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ನಾನು ಹಾಗೆ ಮಾತಾಡಲಿಲ್ಲ, ರಜೆ ಹಾಕಿ ಊರಿಗೆ ಹೋದೆ. ಹೋಗಿ ಮಾಡಿದ್ದೇನೂ ಇಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿದೆ, ನೊಣ ಓಡಿಸಿದೆ, ಸಗಣಿ ಬಾಚಿದೆ. ಇಪ್ಪತ್ತು ವರ್ಷ ಮುಟ್ಟದ ಕೆಲಸ, ಎರಡನೇ ದಿನಕ್ಕೆ ಸೊಂಟ ಹಿಡಿಯಿತು. ಈ ಸಲ ಹಸು ಉಳಿಯಿತು.

ಈಗ ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕಡಸು. ಲೀಟರಿಗೆ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ 2 ರೂಪಾಯಿ ಇದ್ದದ್ದು 5 ಆಗಿದೆ. ಹಿಂಡಿ, ಬೂಸಾದ ಬೆಲೆ ಅದಕ್ಕಿಂತ ಬೇಗ ಏರಿದೆ. ಮಾರಿಬಿಡು, ನಮ್ಮ ಜೊತೆ ಬಂದಿರು ಎಂದು ನಾನು ಹೇಳುವುದು, ಹ್ಞೂಂ ನೋಡೋಣ ಎಂದು ಅವಳು ಹೇಳುವುದು ಹತ್ತು ವರ್ಷದಿಂದ ನಡೆದಿದೆ. ಕೊಟ್ಟಿಗೆ ಖಾಲಿಯಾದರೆ ಊರಿಗೆ ಬರಲು ನನಗಾದರೂ ಏನು ಕಾರಣ ಉಳಿಯುತ್ತದೆ ಎಂದು ಒಮ್ಮೊಮ್ಮೆ ಅನ್ನಿಸಿ, ನಾನೂ ಹೆಚ್ಚು ಒತ್ತಾಯ ಮಾಡುವುದಿಲ್ಲ.

ಶಾಲೆಯ ಸುವರ್ಣ ಮಹೋತ್ಸವಕ್ಕೆ ಬಾ ಎಂದು ಅವ್ವನನ್ನು ಕರೆದಿದ್ದೇನೆ, ಬರುತ್ತಾಳೆ. ಸನ್ಮಾನ, ಭಾಷಣ ಏನೇ ಇದ್ದರೂ ಐದು ಗಂಟೆಯೊಳಗೆ ಮುಗಿಸಬೇಕೆಂದು ಸಮಿತಿಯವರಲ್ಲಿ ವಿನಂತಿ. ಆಮೇಲೆ ಡೈರಿ ಹೊತ್ತು.