ತಾಯ್ನಾಡಿಗೇ ಬಂದ ಪರದೇಶದ ರಾಯಭಾರಿ

ಒಂದು ಸರಕಾರ ಕಳುಹಿಸಿದ ರಾಯಭಾರಿಯನ್ನು ಇನ್ನೊಂದು ಸರಕಾರ ತನ್ನವನನ್ನಾಗಿ ಮಾಡಿಕೊಂಡು ಅವನ ತಾಯ್ನಾಡಿಗೇ ಅಟ್ಟಿದ ಸಂಗತಿ ಚರಿತ್ರೆಯಲ್ಲಿ ಅಪರೂಪ. ಆನ್ಸನ್ ಬರ್ಲಿಂಗೇಮನ ಕಥೆ ಅಂಥದು.

1820ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದ ಈತ ಹಾರ್ವರ್ಡಿನಲ್ಲಿ ಕಾನೂನು ಓದಿ, 1855ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಅಮೆರಿಕದ ಪ್ರತಿನಿಧಿ ಸಭೆ ಸೇರಿದ. ಗುಲಾಮಗಿರಿಯ ಕಡುವಿರೋಧಿ. 1856ರ ಮೇ ತಿಂಗಳಲ್ಲಿ ದಕ್ಷಿಣ ಕೆರೊಲಿನದ ಪ್ರತಿನಿಧಿ ಪ್ರೆಸ್ಟನ್ ಬ್ರೂಕ್ಸ್, ಗುಲಾಮಗಿರಿಯನ್ನು ಖಂಡಿಸಿದ ಚಾರ್ಲ್ಸ್ ಸಮ್ನರ್‌ನನ್ನು ಸೆನೆಟ್ ಸಭಾಂಗಣದಲ್ಲೇ ಬೆತ್ತದಿಂದ ಥಳಿಸಿದ. ಬರ್ಲಿಂಗೇಮ್ ಅದನ್ನು ಹೇಡಿತನವೆಂದು ಸಭೆಯಲ್ಲಿ ಜರೆದ. ಬ್ರೂಕ್ಸ್ ದ್ವಂದ್ವಯುದ್ಧಕ್ಕೆ ಕರೆದ. ಗುರಿಕಾರನಾಗಿದ್ದ ನಮ್ಮ ಮಹಾಶಯ ಕೂಡಲೇ ಒಪ್ಪಿ, ಆಯುಧ ರೈಫಲ್, ಸ್ಥಳ ನಯಾಗರದ ಕೆನಡಾ ದಂಡೆ ಎಂದು ತಿಳಿಸಿದ. ಅಲ್ಲಿಗೆ ಹೋಗುವ ದಾರಿ ಶತ್ರುಗಳ ಸೀಮೆಯೆಂದು ಬ್ರೂಕ್ಸ್ ಹಿಂಜರಿದ!

1860ರ ಚುನಾವಣೆಯಲ್ಲಿ ಬರ್ಲಿಂಗೇಮ್ ಸೋತ. ಸೋತವರಿಗೆ ಹುದ್ದೆ ಕೊಡುವ ಪದ್ಧತಿ ಆಗಲೂ ಇತ್ತೆನ್ನಿ. ಲಿಂಕನ್ ಆಸ್ಟ್ರಿಯಕ್ಕೆ ನೇಮಿಸಿದರೆ, ಹಂಗೇರಿಯ ಬಂಡಾಯಗಾರ ಕೊಸ್ಸುತ್‌ನ ಪರ ವಹಿಸಿದವನು ತನಗೆ ಬೇಡವೆಂದಿತು ವಿಯೆನ್ನಾ. ಹೀಗೆ ಚೀನಾ ಪಾಲಿಗೆ ಬಂತು.

ಅಫೀಮು ಯುದ್ಧಗಳಲ್ಲಿ ಸೋತು ಸೊರಗಿದ್ದ ಚೀನಾವನ್ನು ತೋಪಿನಿಂದ ಬೆದರಿಸುವ ಬದಲು ಮಾತುಕತೆಯಿಂದ ನಡೆಸಿಕೊಳ್ಳಬೇಕೆಂದು ಆತ ಪೀಕಿಂಗಿನಲ್ಲಿದ್ದ ಇತರ ರಾಯಭಾರಿಗಳನ್ನು ಒಪ್ಪಿಸಿದ. ಆ ವಿಶ್ವಾಸದಿಂದಲೇ, 1867ರಲ್ಲಿ ಆತ ಹುದ್ದೆ ಬಿಡುವಾಗ ಚೀನೀ ಸರಕಾರ ತನ್ನ ದೂತನಾಗುವಂತೆ ಕೇಳಿಕೊಂಡಿತು. ಝಿಗಾಂಗ್, ಸುನ್ ಜಿಯಾಗು ಎಂಬ ಇಬ್ಬರು ಚೀನೀ ಅಧಿಕಾರಿಗಳೊಡನೆ ಆತ ಹೊರಟ.

1868ರ ಜುಲೈ 28ರಂದು ವಾಷಿಂಗ್ಟನ್ನಿನಲ್ಲಿ ಒಡಂಬಡಿಕೆಯಾಯಿತು. ಮನೆಯನ್ನೂ ನಿಷ್ಠೆಯನ್ನೂ ಬದಲಿಸಿಕೊಳ್ಳುವುದು ಮನುಷ್ಯನ ಸಹಜ ಹಕ್ಕೆಂದು ಒಪ್ಪಿ, ಎರಡೂ ದೇಶಗಳ ಜನ ಸ್ವಇಚ್ಛೆಯಿಂದ ಹೋಗಿಬಂದು ನೆಲೆಸಬಹುದೆಂದು ಅದು ಸಾರಿತು. ಹೊಟ್ಟೆಪಾಡಿಗೆ ಹೊರನಾಡು ಸೇರಿದ ನಾವು ಈ ಕಲಮನ್ನು ಎರಡು ಸಲ ಓದಿದೆವು. ಪೌರತ್ವದ ಭರವಸೆ ಮಾತ್ರ ಅದರಲ್ಲಿರಲಿಲ್ಲ. ಅಮೆರಿಕಕ್ಕೆ ಆಗ ರೈಲುದಾರಿ ಹಾಸುವ ಕೂಲಿಗಳು ಬೇಕಿದ್ದರು. ಸಾವಿರಾರು ಚೀನೀಯರು ಪಶ್ಚಿಮದ ಬೆಟ್ಟಗಳಲ್ಲಿ ಬಂಡೆ ಒಡೆಯುತ್ತಿದ್ದರು.

ಯೂರೋಪಿನ ರಾಜಧಾನಿಗಳನ್ನು ಸುತ್ತುತ್ತ ಬರ್ಲಿಂಗೇಮ್ 1870ರ ಫೆಬ್ರವರಿ 23ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನ್ಯುಮೋನಿಯದಿಂದ ತೀರಿಕೊಂಡ. ವಯಸ್ಸು ಇನ್ನೂ ಐವತ್ತಾಗಿರಲಿಲ್ಲ.

ರೈಲುದಾರಿ ಅವನು ಬದುಕಿದ್ದಾಗಲೇ, 1869ರಲ್ಲಿ ಮುಗಿದಿತ್ತು. ಕೂಲಿಗಾರರು ಹೊರೆಯಾಗಿ ಕಾಣತೊಡಗಿದರು. 1880ರಲ್ಲಿ ಒಡಂಬಡಿಕೆ ತಿದ್ದಿದರು. 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನೇ ಕಾನೂನು ಮಾಡಿ ನಿಷೇಧಿಸಿದರು. ಅದು ರದ್ದಾದದ್ದು 1943ರಲ್ಲಿ, ಯುದ್ಧದಲ್ಲಿ ಚೀನಾ ಮಿತ್ರನಾದಾಗ. ಆಗಲೂ ಬಿಟ್ಟುಕೊಂಡದ್ದು ವರ್ಷಕ್ಕೆ 105 ಮಂದಿಯನ್ನು.